ದಿವಾನರಿಗೂ ದಿವಾನ್ ಕಾಟಿಗೂ ಏನು ನಂಟು?

ಪತ್ರದ ಸಾರ: “ಮನೆಗೆ ದಿವಾನ್ ಕಾಟ್ ತಂದೆವು. ದಿವಾನ್ ಪೂರ್ಣಯ್ಯನವರ ಪಾಠ ಓದುತ್ತಿದ್ದ ಮಗಳು, ‘ದಿವಾನರು ಇದರ ಮೇಲೆ ಕೂರ್ತಿದ್ರು ಅಂತ ಈ ಹೆಸರಾ?’ ಎಂದಳು. ಕೋರ್ಟಿನಲ್ಲಿ ದಿವಾಣಿ ದಾವೆ ಅಂತಾರೆ. ಹಿಂದಿಯಲ್ಲಿ ದೀವಾನಾ ಇದೆ. ಎಲ್ಲ ಒಂದೇ ಪದವೇ?” – ಧಾರವಾಡದ ಓದುಗರು

ಸಂಪಾದಕರ ಉತ್ತರ:

ನಿಮ್ಮ ಮಗಳ ಊಹೆ ನಿಜಕ್ಕೆ ತುಂಬ ಹತ್ತಿರದಲ್ಲಿದೆ. ಮಂಚ, ಮಂತ್ರಿ, ದಾವೆ – ಈ ಮೂರೂ ಒಂದೇ ಪದದಿಂದ ಬಂದವು. ದೀವಾನಾ ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ದಿವಾನ್ ಪಾರಸಿ ಪದ. ಮೊದಲಿಗೆ ಅದು ಮನುಷ್ಯನ ಹೆಸರೂ ಅಲ್ಲ, ಮಂಚದ ಹೆಸರೂ ಅಲ್ಲ. ಬರಹದ ದಾಖಲೆ, ಲೆಕ್ಕದ ಪುಸ್ತಕ ಎಂಬ ಅರ್ಥ ಅದಕ್ಕಿತ್ತು. 7ನೇ ಶತಮಾನದಲ್ಲಿ ಖಲೀಫ ಉಮರ್, ಯಾವ ಸೈನಿಕನಿಗೆ ಬೊಕ್ಕಸದಿಂದ ಎಷ್ಟು ಸಲ್ಲಬೇಕು ಎಂದು ಪಟ್ಟಿ ಬರೆಸಿದರು. ಆ ಪಟ್ಟಿಯೇ ದಿವಾನ್. ಪುಸ್ತಕ ಇಟ್ಟ ಕಚೇರಿಗೂ ಆಮೇಲೆ ಅದೇ ಹೆಸರಾಯಿತು. ಕಚೇರಿಯಲ್ಲಿ ಸೇರುವ ಸಭೆಯೂ ದಿವಾನ್ ಆಯಿತು. ತುರ್ಕಿಯ ಸುಲ್ತಾನರ ಮಂತ್ರಿಮಂಡಲವನ್ನು ಕರೆಯುತ್ತಿದ್ದದ್ದೂ ಹೀಗೆಯೇ. ಅಂಥ ಕೋಣೆಗಳಲ್ಲಿ ಗೋಡೆಗುಂಟ ಮೆತ್ತೆ ಹಾಸಿದ ಉದ್ದನೆಯ ಆಸನ ಇರುತ್ತಿತ್ತು. ಯುರೋಪಿನವರು ಆ ಆಸನವನ್ನೇ ದಿವಾನ್ ಅಂದರು. ನಮ್ಮ ಫರ್ನಿಚರ್ ಅಂಗಡಿಯ ದಿವಾನ್ ಕಾಟ್ ಬಂದದ್ದು ಆ ದಾರಿಯಲ್ಲಿ.

ಬಂದರುಗಳಲ್ಲಿ ಇದೇ ಪದ ಸುಂಕದ ಕಟ್ಟೆಯಾಯಿತು. ಇಟಲಿಯಲ್ಲಿ ದೊಗಾನ, ಫ್ರಾನ್ಸಿನಲ್ಲಿ ದ್ವಾನ್, ಸ್ಪೇನಿನಲ್ಲಿ ಅದುವಾನ. ಇತ್ತ ಪಾರಸಿ, ಉರ್ದು ಕವಿಗಳ ಪದ್ಯಗಳನ್ನೆಲ್ಲ ಒಟ್ಟು ಸೇರಿಸಿದ ಸಂಗ್ರಹಕ್ಕೂ ದಿವಾನ್ ಎಂದೇ ಹೆಸರು. ಬರೆದು ಒಂದೆಡೆ ಕೂಡಿಸಿಟ್ಟದ್ದು ತಾನೇ?

ನಮ್ಮಲ್ಲಿ ದಿವಾನ್ ಅಂದರೆ ವ್ಯಕ್ತಿ. ಮೊಗಲರ ಆಡಳಿತದಲ್ಲಿ ಕಂದಾಯದ ಲೆಕ್ಕ ನೋಡುವ ದೊಡ್ಡ ಅಧಿಕಾರಿ ಈತ. ಹಣ ಯಾರ ಕೈಯಲ್ಲೋ ಆಡಳಿತವೂ ಅವರ ಕೈಗೆ ಬರುತ್ತದೆ, ಅಲ್ವಾ? ಮೈಸೂರಿನಲ್ಲಿ ದಿವಾನರೆಂದರೆ ಪ್ರಧಾನಮಂತ್ರಿಯೇ. 1799ರಿಂದ 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರೂ ಹೈದರನ ಕಾಲದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಲೇ ಮೇಲೆ ಬಂದವರು. ಆ ಹುದ್ದೆಯ ಹೆಸರು ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಇನ್ನು ನಿಮ್ಮ ಕೋರ್ಟಿನ ದಿವಾಣಿ. 1765ರಲ್ಲಿ ಮೊಗಲ್ ದೊರೆ ಶಾ ಆಲಂ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ ಕೊಟ್ಟ. ಅಂದರೆ ಕಂದಾಯ ಎತ್ತುವ ಹಕ್ಕು. ಜಮೀನು, ಸಾಲ, ಆಸ್ತಿಯ ತಕರಾರುಗಳ ವಿಚಾರಣೆಯೂ ಅದರ ಜೊತೆಗೇ ಬಂತು. ಹಾಗಾಗಿ ಸಿವಿಲ್ ವ್ಯಾಜ್ಯ ದಿವಾಣಿಯಾಯಿತು. ಕ್ರಿಮಿನಲ್ ಪ್ರಕರಣ ಫೌಜುದಾರಿಯಾಯಿತು.

ಈ ಪದದ ಬೇರು ಇನ್ನೂ ಹಳೆಯದು. ನನಗೆ ತುಂಬ ಇಷ್ಟವಾದ ಭಾಗ ಇದೇ. ಈಗಿನ ಇರಾಕಿನಲ್ಲಿ ಬಹು ಹಿಂದೆ ಬಾಳಿದ ಸುಮೇರಿಯನ್ನರು ಜೇಡಿಮಣ್ಣಿನ ಹಲಗೆಯ ಮೇಲೆ ಬರೆಯುತ್ತಿದ್ದರು. ಅದಕ್ಕೆ ‘ದುಬ್’ ಅನ್ನುತ್ತಿದ್ದರು. ಅದು ಅಕ್ಕಾಡಿಯನ್, ಎಲಾಮೈಟ್ ಭಾಷೆಗಳನ್ನು ಹಾದು ಹಳೆಯ ಪಾರಸಿಯಲ್ಲಿ ‘ದಿಪಿ’ ಆಯಿತು. ಪರ್ಷಿಯಾದ ದೊರೆ ದಾರಿಯಸ್ ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲಿ ಈ ಪದ ಇದೆ. ದಿವಾನ್ ಹುಟ್ಟಿದ್ದು ದಿಪಿಯಿಂದ. ನಮ್ಮ ‘ಲಿಪಿ’ ಕೂಡ ಅದರಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಲೇಪಿಸು ಎಂಬರ್ಥದ ಸಂಸ್ಕೃತ ಧಾತುವಿನಿಂದ ಲಿಪಿ ಬಂತು ಅನ್ನುವವರೂ ಇದ್ದಾರೆ. ನನಗೆ ಮೊದಲನೆಯ ಮಾತೇ ಸರಿ ಅನಿಸುತ್ತದೆ. ಅದಕ್ಕೆ ಕಾರಣ ಅಶೋಕನ ಶಾಸನಗಳು. ಬೇರೆ ಕಡೆ ‘ಲಿಪಿ’ ಇರುವ ಜಾಗದಲ್ಲಿ ಶಾಹಬಾಜ್‌ಗಢಿ ಮತ್ತು ಮಾನ್ಸೆಹ್ರಾ ಶಾಸನಗಳಲ್ಲಿ ‘ದಿಪಿ’ ಎಂದೇ ಇದೆ. ಇವೆರಡೂ ಈಗಿನ ಪಾಕಿಸ್ತಾನದ ವಾಯವ್ಯದಲ್ಲಿವೆ. ಹಿಂದೆ ಪರ್ಷಿಯನ್ನರು ಆಳಿದ್ದ ಸೀಮೆ ಅದು.

ಇದಕ್ಕೆ ಕರ್ನಾಟಕದ ಕೊಂಡಿಯೂ ಇದೆ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಬರೆದವನು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಗೆ ತನ್ನ ಕಸುಬು ಹೇಳುವ ‘ಲಿಪಿಕರೇಣ’ ಎಂಬ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಆ ವಾಯವ್ಯದ ಕಡೆಯ ಬರಹ. ಅವನು ಆ ಕಡೆಯಿಂದ ಬಂದವನೋ, ಅಲ್ಲಿ ಬರೆಯಲು ಕಲಿತವನೋ ಇರಬೇಕು. ರಜೆಯಲ್ಲಿ ಮಗಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ, ಖಂಡಿತ ಖುಷಿಪಡುತ್ತಾಳೆ.

ಈಗ ದೀವಾನಾ, ಅಂದರೆ ಹುಚ್ಚ. ಗುಮಾಸ್ತರು ಲೆಕ್ಕ ಹಾಕುತ್ತಾ ತಮ್ಮಷ್ಟಕ್ಕೇ ಗೊಣಗುವುದನ್ನು ಇರಾನಿನ ದೊರೆಯೊಬ್ಬ ನೋಡಿದನಂತೆ. ‘ಇವರೆಲ್ಲ ಹುಚ್ಚರು’ ಅಂದನಂತೆ. ಕಚೇರಿಗೆ ದಿವಾನ್ ಎಂಬ ಹೆಸರು ಬಂದದ್ದು ಅದರಿಂದ ಎಂಬ ಕಥೆಯನ್ನು ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ದಾಖಲಿಸಿದ್ದಾನೆ. ಕೇಳಲು ಚೆನ್ನಾಗಿದೆ, ಆದರೆ ಆಮೇಲೆ ಕಟ್ಟಿದ ಕಥೆ. ದೀವಾನಾ ಬಂದದ್ದು ಪಾರಸಿಯ ‘ದೀವ್’ನಿಂದ. ದೀವ್ ಅಂದರೆ ಅಲ್ಲಿ ದೆವ್ವ. ದೆವ್ವ ಹಿಡಿದವನು ದೀವಾನಾ. ನಮ್ಮ ‘ದೇವ’ ಮತ್ತು ಅವರ ‘ದೀವ್’ ಒಂದೇ ಮೂಲದ ಪದಗಳು. ಪ್ರಾಚೀನ ಇರಾನಿನ ಪ್ರವಾದಿ ಜರತುಷ್ಟ್ರನ ಧರ್ಮದಲ್ಲಿ ಹಳೆಯ ದೇವರುಗಳು ಕೆಟ್ಟ ಶಕ್ತಿಗಳಾದ್ದರಿಂದ ಅಲ್ಲಿ ಅರ್ಥ ತಿರುಗಿತು. ಹಾಗಾಗಿ ದೀವಾನಾಗೆ ನಂಟಿರುವುದು ದೇವರ ಜೊತೆ, ನಿಮ್ಮ ದಿವಾನ್ ಕಾಟಿನ ಜೊತೆ ಅಲ್ಲ.