ಎದೆ ಉರಿ ಇಲ್ಲದಿದ್ದರೂ ಆ ಟೆಸ್ಟ್ ಬೇಕಾ?

ನಿಮ್ಮ ತಾಯಿಗೆ ಐಪಿಎಫ್ (ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ) ಇದೆ, ಎದೆ ಉರಿ ಇಲ್ಲ, ಎಂಡೋಸ್ಕೋಪಿಯೂ ನಾರ್ಮಲ್. ಆದರೂ ಹೊಟ್ಟೆಯಿಂದ ಅನ್ನನಾಳಕ್ಕೆ ಏನು ಮೇಲೇರುತ್ತದೆ ಅಂತ ನಳಿಗೆ ಇಟ್ಟು ಅಳೆಯುವ 24 ಗಂಟೆಯ ಪಿಎಚ್-ಇಂಪೀಡೆನ್ಸ್ ಟೆಸ್ಟ್ ಯಾಕೆ ಅಂತ ಕೇಳಿದ್ದೀರಿ. ಡಾಕ್ಟರು ಸುಮ್ನೆ ಬರೆದಿರಲಿಕ್ಕಿಲ್ಲ. ಈ ಕಾಯಿಲೆಯಲ್ಲಿ ರಿಫ್ಲಕ್ಸ್ (ಹೊಟ್ಟೆಯ ರಸ ಅನ್ನನಾಳಕ್ಕೆ ಮೇಲೇರುವುದು) ಜಾಸ್ತಿ, ಆದರೆ ಎಷ್ಟೋ ಜನರಿಗೆ ಉರಿಯೇ ಗೊತ್ತಾಗುವುದಿಲ್ಲ. ಅನ್ನನಾಳದಲ್ಲಿ ಗಾಯವಾಗಿದ್ದರೆ ಎಂಡೋಸ್ಕೋಪಿಯಲ್ಲಿ ಕಾಣುತ್ತದೆ. ಗಾಯ ಮಾಡದೆ ಮೇಲೇರುವ ರಸ ಕಾಣುವುದಿಲ್ಲ. ಬರೀ ಪಿಎಚ್ ಟೆಸ್ಟ್ ಹುಳಿಯನ್ನು ಮಾತ್ರ ಹಿಡಿಯುತ್ತದೆ. ಇಂಪೀಡೆನ್ಸ್ ಜೊತೆಗಿದ್ದರೆ ಹುಳಿಯಿಲ್ಲದ ದ್ರವವೂ ಸಿಗುತ್ತದೆ, ಅದು ಎಷ್ಟು ಎತ್ತರಕ್ಕೆ ಏರಿತು ಅನ್ನುವುದೂ ಗೊತ್ತಾಗುತ್ತದೆ. ಗಂಟಲವರೆಗೆ ಏರಿದ್ದು ಶ್ವಾಸಕೋಶಕ್ಕೂ ಇಳಿಯಬಹುದು, ಹಾಗಾಗಿ ಶ್ವಾಸಕೋಶದ ಮಟ್ಟಿಗೆ ಅದೇ ಮುಖ್ಯ ಅಲ್ವಾ?

ನಮ್ಮ ತಂದೆಗೆ ಮಾಡಿಸಿದ್ದೆವು. ಮೂಗಿನೊಳಗೆ ತೆಳ್ಳಗಿನ ನಳಿಗೆ, ಕೆನ್ನೆಗೆ ಟೇಪು, ಸೊಂಟಕ್ಕೊಂದು ಪುಟ್ಟ ಪೆಟ್ಟಿಗೆ. ಕೆಮ್ಮು ಬಂದಾಗ, ಊಟಕ್ಕೆ ಕೂತಾಗ, ಮಲಗಿದಾಗ ಬಟನ್ ಒತ್ತಬೇಕು. ಮೊದಮೊದಲು ಗಂಟಲಲ್ಲಿ ಕಿರಿಕಿರಿ ಅಂದರು, ರಾತ್ರಿ ಎಂದಿನಂತೆ ಅನ್ನ-ಸಾರು ಉಂಡರು. ಅಮ್ಮನಿಗೂ ಮಾಮೂಲಿನ ಊಟವನ್ನೇ ಕೊಡಿ. ಅವತ್ತು ಪಥ್ಯ ಮಾಡಿದರೆ ನಿಜ ಸ್ಥಿತಿ ಗೊತ್ತಾಗುವುದಿಲ್ಲ.

ರಿಪೋರ್ಟಿನಲ್ಲಿ ಅನ್ನನಾಳದಲ್ಲಿ ಆಸಿಡ್ ಇದ್ದ ಸಮಯ ಒಟ್ಟು ಸಮಯದ ಶೇ. 4ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್, 6 ದಾಟಿದರೆ ರಿಫ್ಲಕ್ಸ್ ಇದೆ ಅಂತ ಲೆಕ್ಕ. ಗ್ಯಾಸಿನ ಮಾತ್ರೆ ಮುಂಚೆಯೇ ನಿಲ್ಲಿಸಬೇಕಾ, ಎಷ್ಟು ದಿನ ಅಂತ ಮಾತ್ರ ಡಾಕ್ಟರನ್ನೇ ಕೇಳಿ.