ತೂತು ಕೊಡದ ನೀರು ಎಲ್ಲಿಗೆ ಹೋಯಿತು?

ಮುಳಬಾಗಿಲಿನ ಓದುಗರೊಬ್ಬರು ಬರೆದಿದ್ದಾರೆ: "ಶ್ರೀಮಂತ ದೇಶಗಳು ಎಷ್ಟೋ ವರ್ಷದಿಂದ ಬಡ ದೇಶಗಳಿಗೆ ದುಡ್ಡು ಸುರಿಯುತ್ತಲೇ ಇವೆ. ಆದರೂ ಅವು ಮೇಲೇಳಲಿಲ್ಲ. ತೂತು ಕೊಡಕ್ಕೆ ಎಷ್ಟು ನೀರು ಹುಯ್ದರೇನು? ದುಬೈಯಲ್ಲಿರುವ ನನ್ನ ಅಳಿಯನ ಹಾಗೆ ದುಡಿದು ತಿನ್ನಲಿ."

ಸ್ವಾಮಿ, ಕೊಡದ ಮಾತು ಚೆನ್ನಾಗಿದೆ. ಆದರೆ ಹುಯ್ದ ನೀರೆಷ್ಟು? ವರಮಾನದಲ್ಲಿ ನೂರು ರೂಪಾಯಿಗೆ 70 ಪೈಸೆ ನೆರವು ಕೊಡಿ ಎಂದು ವಿಶ್ವಸಂಸ್ಥೆ 1970ರಲ್ಲೇ ಗುರಿ ಇಟ್ಟಿತು. 2023ರಲ್ಲಿ ಶ್ರೀಮಂತ ದೇಶಗಳು ಒಟ್ಟಾರೆ ಕೊಟ್ಟಿದ್ದು ಸುಮಾರು 37 ಪೈಸೆ. ನಾರ್ವೆ, ಸ್ವೀಡನ್‌ನಂಥ ಕೆಲವೇ ದೇಶಗಳು ಗುರಿ ಮುಟ್ಟಿದವು. ಆ ವರ್ಷ ಅಮೆರಿಕ ಮೊತ್ತದಲ್ಲಿ ಎಲ್ಲರಿಗಿಂತ ದೊಡ್ಡ ದಾನಿಯಾಗಿತ್ತು, ಆದರೆ ನೂರು ರೂಪಾಯಿಯ ಈ ಲೆಕ್ಕದಲ್ಲಿ ಕೊಟ್ಟಿದ್ದು ನಾಲ್ಕಾಣೆಯೂ ಅಲ್ಲ. ತಮ್ಮ ದೇಶಕ್ಕೇ ಬಂದ ನಿರಾಶ್ರಿತರ ಊಟ, ವಸತಿಯ ಖರ್ಚನ್ನೂ ನೆರವು ಅಂತಲೇ ಬರೆದುಕೊಳ್ಳುತ್ತಾರೆ!

ಇನ್ನು ತೂತು. ಇದೆ, ಇಲ್ಲ ಅನ್ನಲ್ಲ. ಆಫ್ರಿಕಾದ ಜೈರ್ ದೇಶದ (ಈಗಿನ ಕಾಂಗೋ) ಸರ್ವಾಧಿಕಾರಿ ಮೊಬುಟು ದೋಚಿದ್ದು ಕಡಿಮೆಯೇ? ಆದರೆ ಆ ದುಡ್ಡು ಸ್ವಿಸ್ ಬ್ಯಾಂಕಿಗೆ, ಫ್ರಾನ್ಸಿನ ಕಡಲ ತೀರದ ಬಂಗಲೆಗೆ ಹೋಯಿತು. ತೂತಿನ ಕೆಳಗೆ ಬಿಂದಿಗೆ ಹಿಡಿದವರು ಯಾರು ಅಂತಲೂ ಕೇಳಬೇಕಲ್ವಾ?

ದೊಡ್ಡ ತೂತು ಬಡ್ಡಿ. 2023ರಲ್ಲಿ ಬಡ ಮತ್ತು ಮಧ್ಯಮ ವರಮಾನದ ದೇಶಗಳು ಹೊರಗಿನ ಸಾಲಕ್ಕೆ ಕಟ್ಟಿದ ಬಡ್ಡಿಯೇ ಸುಮಾರು 40,600 ಕೋಟಿ ಡಾಲರ್. ಅದೇ ವರ್ಷ ಬಂದ ನೆರವು 22,000 ಕೋಟಿ ಡಾಲರ್ ಆಸುಪಾಸು. ಬಡ್ಡಿಯೆಲ್ಲ ಶ್ರೀಮಂತ ದೇಶಗಳಿಗೇ ಹೋಗಲ್ಲ, ಚೀನಾವೂ ಸಾಲ ಕೊಟ್ಟಿದೆ. ಆದರೂ ಲೆಕ್ಕ ನಮ್ಮ ಟೊಮೆಟೊ ಮಂಡಿಯದ್ದೇ. ಮುಂಗಡ ತಂದವನು ಮಾಲು ಅಲ್ಲೇ ಹಾಕಬೇಕು. ಮುಂಗಡ, ಕಮಿಷನ್ ಮುರಿದುಕೊಂಡ ಮೇಲೆ ಕೈಗೆ ಎಷ್ಟು ಬರುತ್ತೆ ಅಂತ ನಿಮಗೆ ಹೇಳಬೇಕೇ?

ದೂರ ಯಾಕೆ, ಕೆಜಿಎಫ್ ನೋಡಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂತು. ಚಿನ್ನ ಹಡಗು ಹತ್ತಿತು, ಲಾಭ ಲಂಡನ್ನಿನ ಷೇರುದಾರರಿಗೆ ಸೇರಿತು. (ಮೈಸೂರು ಸರ್ಕಾರಕ್ಕೆ ರಾಜಧನ ಸಿಕ್ಕಿತು, ಅದನ್ನೂ ಹೇಳಬೇಕು.) 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದಾಗ ಚಿನ್ನ ತುಂಬಾ ಆಳಕ್ಕೆ ಇಳಿದಿತ್ತು. 2001ರಲ್ಲಿ ಬಾಗಿಲು ಹಾಕಿತು. ಈಗ ಉಳಿದಿರುವುದು ಸೈನೈಡ್ ದಿಬ್ಬ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಬೆಳಗಿನ ರೈಲು. ಆ ಊರಿನವರು ದುಡಿಯಲಿಲ್ಲ ಅಂತ ಯಾರೂ ಹೇಳಲಾರರು.

ನಿಮ್ಮ ಅಳಿಯನ ಮಾತು ಮಾತ್ರ ಸರಿ. ಹೊರಗೆ ದುಡಿಯುವವರು 2023ರಲ್ಲಿ ಭಾರತಕ್ಕೆ 10,000 ಕೋಟಿ ಡಾಲರ್‌ಗೂ ಜಾಸ್ತಿ ಕಳಿಸಿದರು. ಆದರೆ ಜಗತ್ತಿನ ಸರಾಸರಿ ನೋಡಿದರೆ, ಹೀಗೆ ನೂರು ಕಳಿಸುವುದಕ್ಕೆ ಸುಮಾರು ಆರು ಶುಲ್ಕಕ್ಕೇ ಹೋಗುತ್ತೆ. ದುಬೈಯಿಂದ ಕಡಿಮೆ ಇರಬಹುದು. ಮುಂದಿನ ಸಲ ಅವರು ಫೋನ್ ಮಾಡಿದಾಗ ಎಷ್ಟು ಹಿಡಿದುಕೊಂಡರು ಅಂತ ಕೇಳಿ, ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ, ಕೋಲಾರ