ಗುರುತ್ವ ಬಿಟ್ಟು ಬೇರಾವ ಬಲವೂ ತಟ್ಟದ ಉಪಗ್ರಹ ಹೇಗಿರುತ್ತದೆ? ಅದರಿಂದ ನಮ್ಮ ತುಂಗಭದ್ರಾ ಜಲಾಶಯದ ನೀರು ಅಳೆಯಬಹುದೇ?

ಉಪಗ್ರಹದ ಹೊರಮೈಯೇ ಕವಚ. ಒಳಗಿನ ಪೊಳ್ಳಿನಲ್ಲಿ ಲೋಹದ ಗಟ್ಟಿಯೊಂದು ಎಲ್ಲಿಯೂ ತಾಗದೆ ತೇಲುತ್ತದೆ. ತೆಳುಗಾಳಿ, ಬಿಸಿಲಿನ ಒತ್ತಡ ತಳ್ಳುವುದು ಹೊರಮೈಯನ್ನು ಮಾತ್ರ. ಸಂವೇದಕ ಗಟ್ಟಿಗೂ ಗೋಡೆಗೂ ನಡುವಿನ ಅಂತರ ಅಳೆಯುತ್ತದೆ, ಥ್ರಸ್ಟರ್ ಎಂಬ ಪುಟ್ಟ ಎಂಜಿನ್ನುಗಳು ಉಪಗ್ರಹವನ್ನೇ ಸರಿಸಿ ಗಟ್ಟಿಯನ್ನು ನಡುವೆ ಉಳಿಸುತ್ತವೆ. 2015ರ ಲೀಸಾ ಪಾತ್‌ಫೈಂಡರ್ ಎಂಬ ಯುರೋಪಿನ ಉಪಗ್ರಹದಲ್ಲಿ 46 ಮಿ.ಮೀ. ಬದಿಯ, ಸುಮಾರು 2 ಕೆ.ಜಿ. ತೂಕದ ಎರಡು ಚಿನ್ನ-ಪ್ಲಾಟಿನಂ ಘನಗಳಿದ್ದವು.

ನಿಜವಾದ ಕಾಟ ಒಳಗಿನದು. ಕಾಸ್ಮಿಕ್ ಕಿರಣಗಳಿಂದ ಗಟ್ಟಿಗೆ ವಿದ್ಯುದಾವೇಶ ಸೇರಿ, ಪೊಳ್ಳಿನ ಗೋಡೆ ಅದನ್ನು ಎಳೆಯುತ್ತದೆ. ನೇರಳಾತೀತ ಬೆಳಕು ಬೀರಿ ಆ ಆವೇಶವನ್ನು ಇಳಿಸಬೇಕು.

2004ರ ಗ್ರಾವಿಟಿ ಪ್ರೋಬ್ ಬಿ ಎಂಬ ನಾಸಾ ಉಪಗ್ರಹ ಹೀಗೆಯೇ ಐನ್‌ಸ್ಟೀನರ ಗುರುತ್ವ ಸಿದ್ಧಾಂತವನ್ನು ಪರೀಕ್ಷಿಸಿತು. 2009ರ ಗೋಚೆ ಎಂಬ ಯುರೋಪಿನ ಉಪಗ್ರಹ ಚಲನೆಯ ದಿಕ್ಕಿನ ಗಾಳಿಯೆಳೆತವನ್ನಷ್ಟೇ ಕ್ಸೆನಾನ್ ಎಂಜಿನ್ನಿನಿಂದ ಸರಿದೂಗಿಸಿ ಭೂಗುರುತ್ವದ ನಕ್ಷೆ ಬರೆಯಿತು. ಸುಮಾರು 100 ಕಿ.ಮೀ.ಗಿಂತ ಚಿಕ್ಕ ವಿವರ ಅದರ ನಕ್ಷೆಯಲ್ಲಿ ಮೂಡದು; ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟಿನ ನೀರಿನ ಏರಿಳಿತ ಅದಕ್ಕೆ ಕಾಣದು. ಆ ನೀರು ಅಳೆಯಲು ದಡದ ಅಳತೆಪಟ್ಟಿಯೇ ಸಾಕು.